ಹೊಸ್ತಿಲು, ಕಡಲು, ಮರಳಿ ಮನೆ: ‘ಮೊವಾನಾ’ ಚಿತ್ರ ಮತ್ತು ನಾಯಕನ ಪಯಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಮಕ್ಕಳೊಂದಿಗೆ ಕುಳಿತು ಸಿನಿಮಾ ನೋಡುವುದು, ಆಮೇಲೆ ಅದರ ಕಥೆಯನ್ನು ಬಿಚ್ಚಿ ಮತ್ತೆ ಹೊಲಿಯುವುದು ನನಗೆ ಪ್ರೀತಿಯ ಕೆಲಸ. ಅಲ್ಲಿ ಮಕ್ಕಳು, ಶಿಕ್ಷಕರು, ಪಾಲಕರು ಕೇಳಿದ ಮತ್ತು ನಂತರ ಪತ್ರ ಬರೆದು ವಿಚಾರಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾದವುಗಳನ್ನು ಇಲ್ಲಿ ಕೂಡಿಸಿದ್ದೇನೆ. ಚಿತ್ರವನ್ನು ಇನ್ನೂ ನೋಡಿಲ್ಲದವರು ಮೊದಲು ನೋಡಿ ಬಂದರೆ ಒಳ್ಳೆಯದು. ಅಂತ್ಯವನ್ನೂ ಸೇರಿಸಿ ಎಲ್ಲವನ್ನೂ ಇಲ್ಲಿ ಹೇಳಿಬಿಟ್ಟಿದ್ದೇನೆ.

## ಮೊದಲ ಹೆಜ್ಜೆಗಳು

“‘ನಾಯಕನ ಪಯಣ’ ಎಂದರೆ ಏನು? ಸರಳವಾಗಿ ಹೇಳಿ.”

ಒಬ್ಬರು ತಮಗೆ ಗೊತ್ತಿರುವ ಊರನ್ನು ಬಿಟ್ಟು ಗೊತ್ತಿಲ್ಲದ ಕಡೆಗೆ ಹೊರಡುತ್ತಾರೆ. ಅಲ್ಲಿ ಏಳುತ್ತಾರೆ, ಬೀಳುತ್ತಾರೆ, ಬೇರೆಯೇ ಮನುಷ್ಯರಾಗುತ್ತಾರೆ. ಊರಿಗೆ ಬೇಕಾದ ಏನನ್ನೋ ಹಿಡಿದು ಹಿಂದಿರುಗುತ್ತಾರೆ. ಲೋಕದ ಅನೇಕ ಪುರಾಣಗಳಿಗೆ ಈ ಒಂದೇ ಬೆನ್ನೆಲುಬು ಇದೆ ಎಂದು ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅಗಲಿಕೆ, ದೀಕ್ಷೆ, ಮರಳಿಕೆ ಎಂಬ ಮೂರು ಘಟ್ಟಗಳನ್ನು ಗುರುತಿಸಿದರು. ಅವರಿಗಿಂತ ನಲವತ್ತು ವರ್ಷ ಮೊದಲೇ, 1909ರಲ್ಲಿ, ಆರ್ನಾಲ್ಡ್ ವಾನ್ ಗೆನೆಪ್ ಎಂಬ ಮಾನವಶಾಸ್ತ್ರಜ್ಞರು ಹುಟ್ಟು, ಮದುವೆ, ಸಾವಿನ ಆಚರಣೆಗಳಲ್ಲಿ ಇಂಥದೇ ಮೂರು ಘಟ್ಟಗಳನ್ನು ತೋರಿಸಿದ್ದರು. ಅಂದರೆ ಕಥೆಗಿಂತ ಮೊದಲು ಇದು ಬದುಕಿನಲ್ಲಿ ಇತ್ತು. ನಮ್ಮ ಸೀಮಂತ, ಮುಂಜಿ, ಮದುವೆಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ.

“ಹಂತಗಳು ಹದಿನೇಳೋ ಹನ್ನೆರಡೋ? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.”

ಎರಡೂ ಸರಿ. ಕ್ಯಾಂಪ್‌ಬೆಲ್ ಹೇಳಿದ್ದು ಹದಿನೇಳು. 1980ರ ದಶಕದ ನಡುಭಾಗದಲ್ಲಿ ಡಿಸ್ನಿಯಲ್ಲಿ ಕಥಾ ಸಲಹೆಗಾರರಾಗಿದ್ದ ಕ್ರಿಸ್ಟೋಫರ್ ವೋಗ್ಲರ್ ಅದನ್ನು ಏಳು ಪುಟಗಳ ಟಿಪ್ಪಣಿಯಾಗಿ ಇಳಿಸಿದರು. ಮುಂದೆ 1992ರಲ್ಲಿ ಅದನ್ನು ಬೆಳೆಸಿ ಹನ್ನೆರಡು ಹಂತಗಳ ಪುಸ್ತಕ ಮಾಡಿದರು. ಸಿನಿಮಾ ಬರೆಯುವವರ ಬಾಯಲ್ಲಿ ಇರುವುದು ಈ ಹನ್ನೆರಡು. ಶಾಲೆಯಲ್ಲಿ ನಾನು ಆರನ್ನು ಮಾತ್ರ ಹೇಳುತ್ತೇನೆ: ಕರೆ, ಹಿಂಜರಿಕೆ, ಗುರು, ಹೊಸ್ತಿಲು, ಪರೀಕ್ಷೆ, ಮರಳಿಕೆ. ಮಕ್ಕಳಿಗೆ ಅಷ್ಟು ಸಾಕು, ನಿಜವಾಗಿ ದೊಡ್ಡವರಿಗೂ ಸಾಕು.

“ಇಷ್ಟೆಲ್ಲ ಚಿತ್ರಗಳಿರುವಾಗ ‘ಮೊವಾನಾ’ವನ್ನೇ ಏಕೆ ಆರಿಸಿದಿರಿ?”

ಈ ಮಾದರಿಯನ್ನು ಪಾಲಿಸುತ್ತಲೇ ಅದನ್ನು ಪ್ರಶ್ನಿಸುವ ಚಿತ್ರ ಎಂಬ ಕಾರಣಕ್ಕೆ. ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್ ನಿರ್ದೇಶಿಸಿದ ಈ ಡಿಸ್ನಿ ಚಿತ್ರ 2016ರಲ್ಲಿ ಬಂತು. ಕಥೆ ಹೀಗಿದೆ. ಪೆಸಿಫಿಕ್ ಸಾಗರದ ಮೊಟುನೂಯಿ ದ್ವೀಪದ ಮುಖ್ಯಸ್ಥ ಟೂಯಿಯ ಮಗಳು ಮೊವಾನಾ. ಅವಳ ಹೆಸರಿಗೆ ಪಾಲಿನೇಷ್ಯದ ಹಲವು ಭಾಷೆಗಳಲ್ಲಿ ಸಮುದ್ರ ಎಂದೇ ಅರ್ಥ. ದ್ವೀಪದ ತೆಂಗು ಕೊಳೆಯುತ್ತಿದೆ, ಬಲೆಗೆ ಮೀನು ಬೀಳುತ್ತಿಲ್ಲ. ಸಾವಿರ ವರ್ಷಗಳ ಹಿಂದೆ ಮಾವಿ ಎಂಬ ಅರೆದೇವತೆ ತಾಯಿದ್ವೀಪವಾದ ಟೆ ಫಿಟಿಯ ಹೃದಯವನ್ನು, ಒಂದು ಪುಟ್ಟ ಹಸಿರು ಕಲ್ಲನ್ನು, ಕದ್ದದ್ದೇ ಇದಕ್ಕೆ ಕಾರಣ. ಮಾವಿಯನ್ನು ಹುಡುಕಿ, ಬೆಂಕಿಯ ರಾಕ್ಷಸಿ ಟೆ ಕಾಳನ್ನು ದಾಟಿ ಆ ಹೃದಯವನ್ನು ಹಿಂದಿರುಗಿಸಬೇಕು. ಹುಡುಗಿಗೆ ಹದಿನಾರು ವರ್ಷ.

ಇನ್ನೊಂದು ಸಣ್ಣ ಕಾರಣವೂ ಇದೆ. ನಮ್ಮ ಬಯಲುಸೀಮೆಯ ಎಷ್ಟೋ ಮಕ್ಕಳು ಸಮುದ್ರವನ್ನು ನೋಡಿಯೇ ಇಲ್ಲ. ಉಣಕಲ್ ಕೆರೆಯೇ ಅವರು ಕಂಡ ದೊಡ್ಡ ನೀರು. ಆ ಮಕ್ಕಳು ಕಡಲಿನ ಕಥೆಯನ್ನು ಉಸಿರು ಬಿಗಿಹಿಡಿದು ನೋಡುವಾಗ, ಅವರಿಗೆ ಅರ್ಥವಾಗುತ್ತಿರುವುದು ಕಡಲಲ್ಲ, ಹೊರಡಬೇಕು ಎನ್ನುವ ತಹತಹ ಎಂಬುದು ಎದುರಿಗೆ ಕುಳಿತವರಿಗೆ ಕಾಣುತ್ತದೆ.

## ಕಥೆಯ ಒಳಗೆ

“ಸಮುದ್ರವೇ ಕರೆದ ಮೇಲೂ ಮೊವಾನಾ ಯಾಕೆ ಅಷ್ಟು ತಡ ಮಾಡುತ್ತಾಳೆ? ನಾಯಕಿ ಅಂಜಬಾರದಲ್ಲವೇ?”

ಅಂಜಲೇಬೇಕು. ಕರೆ ಬಂದ ಕೂಡಲೇ ಎದ್ದು ಹೊರಡುವವರಿಗೆ ಹೋಗುವ ದಾರಿ ಎಷ್ಟು ಕಠಿಣ ಎಂಬುದು ಗೊತ್ತಿರುವುದಿಲ್ಲ. ಗದುಗಿನ ಕುಮಾರವ್ಯಾಸನ ನಾಡಿನವರಿಗೆ ಇದನ್ನು ವಿವರಿಸಬೇಕೇ? ವಿರಾಟನ ಮಗ ಉತ್ತರ ಅಂತಃಪುರದ ಹೆಂಗಸರ ಮುಂದೆ ಕೌರವರನ್ನು ಸದೆಬಡಿಯುವ ಮಾತನಾಡುತ್ತಾನೆ, ಸಾರಥಿ ಇಲ್ಲವಲ್ಲ ಎಂದು ಹಳಹಳಿಸುತ್ತಾನೆ. ಸಾರಥಿಯಾಗಿ ಬೃಹನ್ನಳೆ ಸಿಕ್ಕಿ, ರಥ ಹೊರಟು, ಸೈನ್ಯ ಕಣ್ಣಿಗೆ ಬಿದ್ದ ಕೂಡಲೇ ರಥದಿಂದ ಧುಮುಕಿ ಓಡುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಾವು ನಗುತ್ತೇವೆ. ಆದರೆ ಮುಂದಿನದನ್ನು ಮರೆಯಬಾರದು. ಅರ್ಜುನ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾನೆ, ಅದೇ ಉತ್ತರ ಅದೇ ರಥದ ಹಗ್ಗ ಹಿಡಿದು ಅದೇ ಸೈನ್ಯದ ನಡುವೆ ನಿಲ್ಲುತ್ತಾನೆ. ಹಿಂಜರಿಕೆ ಇಲ್ಲದಿದ್ದರೆ ಆ ನಿಲುವಿಗೆ ಬೆಲೆ ಇರುತ್ತಿರಲಿಲ್ಲ.

ಮೊವಾನಾಳದು ಇನ್ನೂ ಸೂಕ್ಷ್ಮ. ಅವಳು ಒಮ್ಮೆ ಹಟದಿಂದ ದೋಣಿ ಹತ್ತಿ ಹೋಗುತ್ತಾಳೆ, ಅಲೆ ದೋಣಿಯನ್ನು ಬುಡಮೇಲು ಮಾಡುತ್ತದೆ, ಹವಳದ ಬಂಡೆಗೆ ಕಾಲು ಸಿಕ್ಕಿಕೊಳ್ಳುತ್ತದೆ. ದಡಕ್ಕೆ ಬಂದು, ಇನ್ನು ಇದೆಲ್ಲ ಸಾಕು ಎನ್ನುತ್ತಾಳೆ. ಆದರೆ ಚಿತ್ರದ ಅತಿ ದೊಡ್ಡ ನಿರಾಕರಣೆ ಇದಲ್ಲ, ಅದು ಬರುವುದು ಕಥೆ ಮುಕ್ಕಾಲು ಭಾಗ ಮುಗಿದ ಮೇಲೆ. ಟೆ ಕಾಳ ಎದುರು ಸೋತು, ಮಾವಿ ಬಿಟ್ಟು ಹೋದ ರಾತ್ರಿ, ಬೇರೆ ಯಾರನ್ನಾದರೂ ಆರಿಸಿಕೋ ಎಂದು ಅವಳು ಸಮುದ್ರಕ್ಕೆ ಹೇಳುತ್ತಾಳೆ, ಸಮುದ್ರ ಆ ಕಲ್ಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಮಾದರಿಯ ಪಟ್ಟಿಯಲ್ಲಿ ನಿರಾಕರಣೆ ಆರಂಭದಲ್ಲಿ ಇರುತ್ತದೆ. ಈ ಚಿತ್ರ ಅದನ್ನು ಅತ್ಯಂತ ನೋಯುವ ಜಾಗಕ್ಕೆ ಒಯ್ದು ಇಟ್ಟಿದೆ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ.

“ಹೊಸ್ತಿಲು ದಾಟುವುದು ಎಂದರೆ ಮನೆ ಬಿಟ್ಟು ಹೋಗುವುದು, ಅಷ್ಟೇ ತಾನೇ?”

ಅಷ್ಟೇ ಆಗಿದ್ದರೆ ನಾವು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಿರಲಿಲ್ಲ. ಹೊಸ್ತಿಲು ಒಳಗೂ ಅಲ್ಲ, ಹೊರಗೂ ಅಲ್ಲ. ಹಿರಣ್ಯಕಶಿಪುವಿನ ವರ ಸೋತದ್ದು ಅಲ್ಲಿಯೇ. ಸೊಸೆ ಅಕ್ಕಿಯ ಸೇರನ್ನು ಒದ್ದು ಮನೆತನ ಬದಲಿಸುವುದೂ ಅಲ್ಲಿಯೇ. ಗೆನೆಪ್ ನಡುವಿನ ಘಟ್ಟಕ್ಕೆ ಕೊಟ್ಟ ಹೆಸರಿನ ಮೂಲದಲ್ಲಿರುವ ಲ್ಯಾಟಿನ್ ಪದಕ್ಕೂ ಹೊಸ್ತಿಲು ಎಂದೇ ಅರ್ಥ. ಹಾಗಾಗಿ ಈ ಹಂತಕ್ಕೆ ಕನ್ನಡದಲ್ಲಿ ಪದ ಹುಡುಕುವ ಕಷ್ಟವೇ ಇಲ್ಲ.

ಚಿತ್ರದಲ್ಲಿ ಹೊಸ್ತಿಲು ಎಂದರೆ ದ್ವೀಪವನ್ನು ಸುತ್ತುವರಿದ ಹವಳದ ದಿಬ್ಬ. ಮೊವಾನಾ ಅದನ್ನು ಎರಡು ಸಲ ಎದುರಿಸುತ್ತಾಳೆ. ಮೊದಲ ಸಲ ಮೀನು ತರುವ ಉತ್ಸಾಹ ಮಾತ್ರ ಇತ್ತು, ದಿಬ್ಬ ಅವಳನ್ನು ಹಿಂದಕ್ಕೆ ಎಸೆಯಿತು. ಎರಡನೆಯ ಸಲ ಹೋಗುವಾಗ ಗುಹೆಯಲ್ಲಿ ಅಡಗಿಸಿಟ್ಟಿದ್ದ ಹಳೆಯ ಹಡಗುಗಳನ್ನು ನೋಡಿದ್ದಳು, ತನ್ನ ಪೂರ್ವಜರು ಸಮುದ್ರಯಾನಿಗಳಾಗಿದ್ದರೆಂದು ತಿಳಿದಿದ್ದಳು. ಅಲೆ ಅದೇ, ದೋಣಿ ದಾಟಿತು.

“ಅಪ್ಪ ಟೂಯಿ ಖಳನಾಯಕನೇ? ನನ್ನ ಮಗ ಹಾಗೆಯೇ ಎನ್ನುತ್ತಾನೆ, ನನಗೆ ಬೇಸರವಾಗುತ್ತದೆ.”

ಖಂಡಿತ ಅಲ್ಲ. ಮಾದರಿಯಲ್ಲಿ ಅವನ ಸ್ಥಾನ ಹೊಸ್ತಿಲ ಕಾವಲುಗಾರನದು. ಕಾವಲುಗಾರ ಕೆಟ್ಟವನಾಗಿರಬೇಕಿಲ್ಲ. ಟೂಯಿ ತಾರುಣ್ಯದಲ್ಲಿ ಮಗಳಂತೆಯೇ ದಿಬ್ಬ ದಾಟಿದವನು. ಬಿರುಗಾಳಿಯಲ್ಲಿ ಅವನ ಆಪ್ತ ಗೆಳೆಯ ಮುಳುಗಿ ಸತ್ತ, ಇವನು ಉಳಿಸಿಕೊಳ್ಳಲಾಗಲಿಲ್ಲ. ಅವನ ‘ಬೇಡ’ ಎಂಬ ಮಾತಿನ ತಳದಲ್ಲಿ ಆ ಹೆಣದ ಭಾರವಿದೆ. ಈ ಸಂಗತಿಯನ್ನು ಅವನು ತಾನಾಗಿ ಹೇಳುವುದಿಲ್ಲ, ತಾಯಿ ಸೀನಾ ಮಗಳಿಗೆ ಹೇಳುತ್ತಾಳೆ.

ನಾನು ಪಾಲಕರಿಗೆ ತೋರಿಸಬಯಸುವುದು ಸೀನಾಳ ಇನ್ನೊಂದು ದೃಶ್ಯವನ್ನು. ರಾತ್ರಿ ಮಗಳು ಅವಸರದಲ್ಲಿ ಸಾಮಾನು ತುಂಬುತ್ತಿರುವಾಗ ತಾಯಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ತಡೆಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಕಟ್ಟಲು ಕೈಗೂಡಿಸುತ್ತಾಳೆ, ಅಪ್ಪಿಕೊಳ್ಳುತ್ತಾಳೆ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದವಾದದ್ದು. ಅಲ್ಲಿ ಪ್ರತಿ ರಾತ್ರಿ ಬೆಂಗಳೂರಿನ ರೈಲು ಹೊರಡುವ ಹೊತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟು ಮಾತಿಲ್ಲದೆ ನಿಲ್ಲುವ ತಾಯಂದಿರೆಲ್ಲ ಸೀನಾಗಳೇ.

“ಹಾಗಾದರೆ ಗುರು ಯಾರು? ಅಜ್ಜಿಯೋ, ಮಾವಿಯೋ?”

ಮಾವಿ ವಿದ್ಯೆ ಕಲಿಸುತ್ತಾನೆ, ಅಜ್ಜಿ ಟಾಲಾ ದಾರಿ ತೋರುತ್ತಾಳೆ. ಹಾಯಿಯ ಹಗ್ಗ ಎಳೆಯುವುದು, ಅಂಗೈ ಚಾಚಿ ನಕ್ಷತ್ರದ ಎತ್ತರ ಅಳೆಯುವುದು ಮಾವಿಯಿಂದ ಬಂದದ್ದು. ಆದರೆ ಅವನೇ ಗಾಯಗೊಂಡ ಜೀವ. ಹೆತ್ತವರು ಕಡಲಿಗೆ ಎಸೆದ ಮಗು ಅವನು, ಮನುಷ್ಯರ ಮೆಚ್ಚುಗೆಗಾಗಿ ಒಂದರ ಮೇಲೊಂದು ಸಾಹಸ ಮಾಡುತ್ತ ಹೋದವನು.

ಟಾಲಾಳನ್ನು ಊರು ಹುಚ್ಚಿ ಎನ್ನುತ್ತದೆ, ಅವಳೂ ಅದನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಾಳೆ. ಶಿಶುನಾಳ ಶರೀಫರೂ ಕಳಸದ ಗೋವಿಂದಭಟ್ಟರೂ ಓಡಾಡಿದ ಈ ನೆಲದಲ್ಲಿ ಅಂಥ ಗುರುಗಳನ್ನು ಗುರುತಿಸುವುದು ನಮಗೆ ಕಷ್ಟವಾಗಬಾರದು. ಎರಡೂ ಕಡೆಯ ಸಂಪ್ರದಾಯಸ್ಥರ ಬೈಗುಳ ತಿಂದ ಜೋಡಿ ಅದು. ಟಾಲಾಳ ಕಲಿಸುವ ಬಗೆಯನ್ನು ಗಮನಿಸಿ. ಸೋತು ಕುಳಿತ ಮೊಮ್ಮಗಳ ಬಳಿ ಅವಳ ಆತ್ಮ ತೊರಕೆ ಮೀನಿನ ಬೆಳಕಾಗಿ ಬರುತ್ತದೆ. ‘ಹೋರಾಡು’ ಎನ್ನುವುದಿಲ್ಲ. ಮನೆಗೆ ಹೋಗುವುದಾದರೆ ನಾನೂ ಜೊತೆಗೆ ಬರುತ್ತೇನೆ ಎನ್ನುತ್ತಾಳೆ. ಮೊವಾನಾ ಹುಟ್ಟು ಎತ್ತುತ್ತಾಳೆ, ಆದರೆ ಹಾಕಲು ಕೈ ಬರುವುದಿಲ್ಲ. ಯಾಕೆ ಹಿಂಜರಿಯುತ್ತೀ ಎಂದು ಅಜ್ಜಿ ಕೇಳುತ್ತಾಳೆ. ಹಿಂಜರಿಕೆ ಈಗ ದಿಕ್ಕು ಬದಲಿಸಿದೆ! ಮೊದಲು ಹೊರಡಲು ಅಂಜಿದವಳು ಈಗ ಮರಳಲು ಅಂಜುತ್ತಿದ್ದಾಳೆ. ಇಷ್ಟು ನಯವಾಗಿ ಬರೆದ ಗುರುವಿನ ದೃಶ್ಯ ಮಕ್ಕಳ ಚಿತ್ರಗಳಲ್ಲಿ ಅಪರೂಪ.

“ಮೊವಾನಾಳ ದೋಣಿಯಲ್ಲಿರುವ ಆ ದಡ್ಡ ಹುಂಜ ಕಥೆಗೆ ಏಕೆ ಬೇಕಿತ್ತು?”

ನಗಿಸಲು. ಜೊತೆಗೆ, ದೊಡ್ಡಾಟದಲ್ಲಿ ಹಾಸ್ಯಪಾತ್ರ ಮಾಡುವ ಕೆಲಸವನ್ನೂ ಅದು ಮಾಡುತ್ತದೆ. ವೀರರಸ ಬಿಗಿಯಾದಾಗ ಸಡಿಲಿಸುತ್ತದೆ. ಕೊನೆಯ ಕಾದಾಟದಲ್ಲಿ ಆ ಹೃದಯ ನೀರಿಗೆ ಬೀಳದಂತೆ ಹಿಡಿಯುವುದೂ ಅದೇ ಹುಂಜ.

“‘ನಾನು ಮೊವಾನಾ’ ಎಂದು ಅವಳು ಅಷ್ಟು ಸಲ ಹೇಳುವುದು ಏಕೆ?”

ದೊಡ್ಡಾಟ ನೋಡಿದ ಹಿರಿಯರನ್ನು ಕೇಳಿ, ಅವರೇ ಹೇಳುತ್ತಾರೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ‘ತಾವು ಯಾರು’ ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ತನ್ನ ಕುಲ, ಊರು, ಪರಾಕ್ರಮ ಹೇಳಿಕೊಂಡ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಮೊವಾನಾ ಮಾವಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾಳೆ: ನಾನು ಮೊಟುನೂಯಿಯ ಮೊವಾನಾ, ನೀನು ನನ್ನ ದೋಣಿ ಹತ್ತಬೇಕು. ಅವನು ನಡುವೆಯೇ ಬಾಯಿ ಹಾಕುತ್ತಾನೆ, ಮಾತು ಪೂರ್ತಿಯಾಗುವುದಿಲ್ಲ. ಆಗ ಅದು ಕಲಿತ ಪಾಠ ಮಾತ್ರ. ಅಜ್ಜಿಯ ಎದುರು, ಎಲ್ಲ ಕಳೆದುಕೊಂಡ ರಾತ್ರಿಯಲ್ಲಿ, ಅದೇ ಹೆಸರು ಒಳಗಿನಿಂದ ಬರುತ್ತದೆ. ಅಲ್ಲಿಂದ ಆಕೆ ನೀರಿಗೆ ಹಾರಿ ಹೃದಯವನ್ನು ತಾನೇ ಹುಡುಕಿ ತರುತ್ತಾಳೆ. ಮೊದಲ ಸಲ ಸಮುದ್ರ ಅವಳನ್ನು ಆರಿಸಿತ್ತು, ಈ ಸಲ ಅವಳು ಸಮುದ್ರವನ್ನು ಆರಿಸಿದಳು.

“ಕೊನೆಯಲ್ಲಿ ರಾಕ್ಷಸಿಯನ್ನು ಕೊಲ್ಲುವುದೇ ಇಲ್ಲ. ಕಥೆ ಸಪ್ಪೆ ಆಗಲಿಲ್ಲವೇ?”

ಗಂಡುಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆ. ನನ್ನ ಪಾಲಿಗೆ ಚಿತ್ರದ ಜೀವ ಇರುವುದೇ ಇಲ್ಲಿ. ಮೊವಾನಾ ಟೆ ಕಾಳನ್ನು ದಾಟಿ ಟೆ ಫಿಟಿ ಇರಬೇಕಾದ ಜಾಗ ತಲುಪಿದಾಗ ಅಲ್ಲಿ ದ್ವೀಪವೇ ಇಲ್ಲ. ಮಲಗಿದ ಹೆಣ್ಣಿನ ಆಕಾರದ ಬರಿದಾದ ಗುಂಡಿಯಿದೆ. ತಿರುಗಿ ನೋಡಿದರೆ ರಾಕ್ಷಸಿಯ ಎದೆಯ ಮೇಲೆ ಹೃದಯದ ಕಲ್ಲಿನಲ್ಲಿರುವುದೇ ಸುರುಳಿ. ತಾನು ಹುಡುಕುತ್ತಿದ್ದ ತಾಯಿಯೂ ತಾನು ಹೆದರುತ್ತಿದ್ದ ಬೆಂಕಿಯೂ ಒಬ್ಬಳೇ ಎಂದು ಅವಳಿಗೆ ಹೊಳೆಯುತ್ತದೆ. ಆಗ ಅವಳು ಮಾಡುವ ಕೆಲಸ ನೋಡಿ. ದಾರಿ ಬಿಡು, ಅವಳು ನನ್ನ ಬಳಿ ಬರಲಿ ಎಂದು ಸಮುದ್ರಕ್ಕೆ ಹೇಳುತ್ತಾಳೆ. ಉರಿಯುತ್ತ ತೆವಳಿ ಬರುವ ಆ ರೂಪದ ಎದುರು ನಡೆದು ಹೋಗಿ ಹಣೆಗೆ ಹಣೆ ತಾಗಿಸಿ, ನೀನು ಇದಲ್ಲ ಎಂದು ಹೇಳಿ, ಹೃದಯವನ್ನು ಎದೆಗೆ ಇಡುತ್ತಾಳೆ.

ಕ್ಯಾಂಪ್‌ಬೆಲ್ ಪಟ್ಟಿಯಲ್ಲಿ ದೇವಿಯ ಭೇಟಿ ಮತ್ತು ಭಯಂಕರ ತಂದೆಯೊಂದಿಗಿನ ಸಂಧಾನ ಎರಡು ಬೇರೆ ಹಂತಗಳು. ಇಲ್ಲಿ ಎರಡೂ ಒಂದೇ ದೃಶ್ಯದಲ್ಲಿ, ಒಂದೇ ಮುಖದಲ್ಲಿ ಸೇರಿವೆ. ಕತ್ತಿ ಬೀಸುವುದಕ್ಕಿಂತ ಹೆಚ್ಚಿನ ಧೈರ್ಯ ಆ ನಡಿಗೆಗೆ ಬೇಕು ಎಂದು ಕೇಳಿದ ಹುಡುಗರಿಗೆ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರಿಗೆ ಇನ್ನೂ ಮಾವಿಯ ಆಯುಧವಾದ ಮಾಯಾ ಕೊಕ್ಕೆಯೇ ಇಷ್ಟ. ಅದೂ ಇರಲಿ.

## ಇನ್ನಷ್ಟು ಆಳಕ್ಕೆ

“ಮಾದರಿಯನ್ನೇ ಪ್ರಶ್ನಿಸುತ್ತದೆ ಎಂದಿರಿ. ಎಲ್ಲಿ?”

ಮಾವಿಯ ಕಳ್ಳತನದಲ್ಲಿ. ನಾಯಕ ದೇವತೆಗಳಿಂದ ವರವನ್ನು ಕದ್ದು ತರುವುದು ಹಳೆಯ ಮಾದರಿಯಲ್ಲಿ ಒಪ್ಪಿತವಾದ ಗೆಲುವು. ಮಾವಿ ಅದನ್ನೇ ಮಾಡಿದ, ಮನುಷ್ಯರಿಗಾಗಿ ಮಾಡಿದೆ ಎಂದೂ ಹೇಳಿಕೊಳ್ಳುತ್ತಾನೆ. ಆ ಗೆಲುವಿಗೆ ಬೆಲೆ ತೆತ್ತವರು ಯಾರು ಎಂದು ಚಿತ್ರ ಕೇಳುತ್ತದೆ. ಹೃದಯ ಕಿತ್ತ ಭೂಮಿ ಬೆಂಕಿಯಾಯಿತು, ದೂರದ ದ್ವೀಪದ ತೆಂಗು ಕೊಳೆಯಿತು. ಹೀಗೆ ಒಬ್ಬ ನಾಯಕನ ಪಯಣ ಉಳಿಸಿಹೋದ ರೋಗಕ್ಕೆ ಇನ್ನೊಬ್ಬಳ ಪಯಣ ಮದ್ದಾಗುತ್ತದೆ. ಅವಳದು ತರುವ ಪಯಣವಲ್ಲ, ಹಿಂದಿರುಗಿಸುವ ಪಯಣ.

“ಹಾಗಾದರೆ ಅವಳು ಊರಿಗೆ ಏನನ್ನು ತಂದಳು? ಕೈಯಲ್ಲಿ ಏನೂ ಇಲ್ಲವಲ್ಲ.”

ಹನುಮಂತನಂತೆ ಬೆಟ್ಟ ಹೊತ್ತು ಬರಲಿಲ್ಲ, ನಿಜ. ತಂದದ್ದು ದಾರಿಯ ವಿದ್ಯೆ. ನಮ್ಮ ಜನರಿಗೆ ಒಬ್ಬ ದಾರಿಗಾರ ಬೇಕು ಎಂದು ಮಾವಿಯನ್ನು ಕರೆದಾಗ, ಅವರಿಗೆ ಈಗಾಗಲೇ ಒಬ್ಬಳಿದ್ದಾಳೆ ಎನ್ನುತ್ತಾನೆ ಅವನು. ಬೆಟ್ಟದ ತುದಿಯಲ್ಲಿ ಒಬ್ಬೊಬ್ಬ ಮುಖ್ಯಸ್ಥ ಒಂದೊಂದು ಚಪ್ಪಟೆ ಕಲ್ಲು ಇಟ್ಟು ದ್ವೀಪವನ್ನು ಎತ್ತರಿಸುತ್ತ ಬಂದಿದ್ದಾರೆ. ಮೊವಾನಾ ಅದರ ಮೇಲೆ ಕಲ್ಲಿನ ಬದಲು ಶಂಖ ಇಡುತ್ತಾಳೆ, ಹಡಗುಗಳು ಹೊರಡುತ್ತವೆ. ಹೊರಡುವುದು ಊರಿಗೆ ಬೆನ್ನು ತಿರುಗಿಸುವುದಲ್ಲ, ಊರು ಹುಟ್ಟಿದ್ದೇ ಹೊರಡುವುದರಿಂದ ಎಂಬುದು ಈ ಚಿತ್ರದ ಮರಳಿಕೆಯ ತಿರುಳು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಆ ಹಕ್ಕಿಗಳ ಮನೆ ಯಾವುದು, ಇಲ್ಲಿಯದೋ ಅಲ್ಲಿಯದೋ? ಶಿರಹಟ್ಟಿ ಕಡೆಯ ಮಕ್ಕಳಿಗೆ ಮರಳಿಕೆ ವಿವರಿಸಲು ನಾನು ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿಲ್ಲ.

“ನಾಯಕ ಹೆಣ್ಣಾದರೆ ಪಯಣ ಬದಲಾಗುವುದಿಲ್ಲವೇ?”

ಬದಲಾಗುತ್ತದೆ ಎಂದು 1990ರಲ್ಲಿ ಮೌರೀನ್ ಮರ್ಡಾಕ್ ಪ್ರತ್ಯೇಕ ಪುಸ್ತಕವನ್ನೇ ಬರೆದರು. ಆದರೆ ನಮಗೆ ಹತ್ತಿರದ ಮಾತು ಎ. ಕೆ. ರಾಮಾನುಜನ್ ಅವರದು. ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ಈ ಭಾಗದ ಜನಪದ ಕಥೆಗಳನ್ನು ಕೂಡಿಸಿದವರು ಅವರು. ಗಂಡಿನ ಕಥೆ ಮದುವೆಯಲ್ಲಿ ಮುಗಿದರೆ, ಹೆಣ್ಣಿನ ಕಥೆ ಮದುವೆಯ ನಂತರವೇ ಶುರುವಾಗುತ್ತದೆ ಎಂದು ಅವರು ಗುರುತಿಸಿದರು. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ನಳಚರಿತ್ರೆಯಲ್ಲೂ ಹೆಸರು ನಳನದು, ಕಾಡಿನಲ್ಲಿ ಒಬ್ಬಳೇ ಅಲೆದು, ಕೊನೆಗೆ ಎರಡನೆಯ ಸ್ವಯಂವರದ ಉಪಾಯ ಹೂಡಿ ಗಂಡನನ್ನು ಕರೆಸಿಕೊಳ್ಳುವವಳು ದಮಯಂತಿ.

ಮೊವಾನಾಳ ಕಥೆಯಲ್ಲಿ ಮದುವೆ ಮೊದಲಿಗೂ ಇಲ್ಲ, ಕೊನೆಗೂ ಇಲ್ಲ. ಇದೇ ನಿರ್ದೇಶಕರ 1989ರ ಮತ್ಸ್ಯಕನ್ಯೆ ಪ್ರೀತಿಗಾಗಿ ತನ್ನ ದನಿಯನ್ನು ಕೊಟ್ಟು ಕಡಲು ಬಿಟ್ಟು ನೆಲಕ್ಕೆ ಬಂದಿದ್ದಳು. ಇಪ್ಪತ್ತೇಳು ವರ್ಷಗಳ ನಂತರ ಇವಳು ನೆಲ ಬಿಟ್ಟು ಕಡಲಿಗೆ ಹೋದಳು, ದನಿಯನ್ನು ಜೊತೆಗೆ ಒಯ್ದಳು.

“ಲೋಕದ ಎಲ್ಲ ಕಥೆಗಳೂ ಒಂದೇ ಎನ್ನುವುದು ನಿಜವೇ?”

ನಾನು ಒಪ್ಪುವುದಿಲ್ಲ. ದೂರದಿಂದ ನೋಡಿದರೆ ಎಲ್ಲ ಊರೂ ಒಂದೇ, ಓಣಿಗೆ ಇಳಿದರೆ ಬೇರೆ. ಕುಮಾರವ್ಯಾಸ ತನ್ನ ಭಾರತವನ್ನು ಕೃಷ್ಣಕಥೆ ಎಂದ. ಅಲ್ಲಿ ಹೊರಟು ಗೆದ್ದು ಮರಳುವ ಒಬ್ಬ ನಾಯಕನನ್ನು ಹುಡುಕಲು ಹೋದರೆ ಕಾವ್ಯವೇ ಕೈತಪ್ಪುತ್ತದೆ.

‘ಮೊವಾನಾ’ಗೂ ಈ ಎಚ್ಚರ ಬೇಕು. ಮಾವಿ ಪಾಲಿನೇಷ್ಯದ ಜನರ ನಿಜವಾದ ಪುರಾಣಪುರುಷ. ಕಡಲಿನಿಂದ ದ್ವೀಪಗಳನ್ನು ಗಾಳ ಹಾಕಿ ಎತ್ತಿದವನು, ಸೂರ್ಯನನ್ನು ಹಗ್ಗದಿಂದ ಬಿಗಿದವನು. ಟೆ ಫಿಟಿಯ ಹೃದಯದ ಕಥೆಯಾದರೋ ಚಿತ್ರಕ್ಕಾಗಿ ಕಟ್ಟಿದ್ದು. ಡಿಸ್ನಿ ಆ ದ್ವೀಪಗಳ ಸಲಹೆಗಾರರ ತಂಡವನ್ನು ಜೊತೆಗಿಟ್ಟುಕೊಂಡಿತು, ಅವರ ಮಾತಿನಂತೆ ಬೋಳುತಲೆಯ ಮಾವಿಗೆ ಕೂದಲು ಬಂತು. ಆದರೂ ಅವನ ದಢೂತಿ ಮೈಯ ಬಗ್ಗೆ ಅಲ್ಲಿನವರ ಆಕ್ಷೇಪ ಉಳಿಯಿತು. ಮಕ್ಕಳಿಗಾಗಿ ಮಾರಾಟಕ್ಕೆ ಬಂದ, ಅವನ ಹಚ್ಚೆಯ ಚರ್ಮದಂತಿದ್ದ ಉಡುಪನ್ನು 2016ರಲ್ಲೇ ಹಿಂತೆಗೆದುಕೊಳ್ಳಬೇಕಾಯಿತು. ಇನ್ನೊಬ್ಬರ ದೇವರನ್ನು ಕಥೆಗೆ ಕರೆತಂದಾಗ ಆ ಮನೆಯವರ ಮಾತು ಕೇಳಬೇಕು.

“ಪೂರ್ವಜರು ಸಮುದ್ರಯಾನ ನಿಲ್ಲಿಸಿದ್ದು ನಿಜವಾಗಿ ನಡೆದದ್ದೇ?”

ಹೌದು, ಕಥೆಗೆ ನೆಲೆ ಕೊಟ್ಟದ್ದೇ ಅದು. ಸುಮಾರು 3,000 ವರ್ಷಗಳ ಹಿಂದೆ ಟೊಂಗಾ, ಸಮೋವಾ ದ್ವೀಪಗಳನ್ನು ತಲುಪಿದ ಜನರು ಅಲ್ಲಿಂದ ಪೂರ್ವಕ್ಕೆ ಹೋಗದೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಂತರು, ಆಮೇಲೆ ಮತ್ತೆ ಹೊರಟರು. ಏಕೆ ನಿಂತರು ಎಂಬ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ. ಆ ವಿದ್ಯೆ ಕಟ್ಟುಕಥೆಯಲ್ಲ ಎಂದು 1976ರಲ್ಲಿ ಹೊಕುಲೆಯಾ ಎಂಬ ಜೋಡಿದೋಣಿ ತೋರಿಸಿತು. ಸತವಾಲ್ ದ್ವೀಪದ ಮಾವ್ ಪಿಯಾಯ್ಲಗ್ ದಿಕ್ಸೂಚಿಯಿಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ಓದುತ್ತ ಅದನ್ನು ಹವಾಯಿಯಿಂದ ತಾಹಿತಿಗೆ ನಡೆಸಿದರು.

“ನಾನು ಮಕ್ಕಳಿಗೆ ಕಥೆ ಬರೆಯುತ್ತೇನೆ. ಹಂತಗಳನ್ನು ಎದುರಿಗೆ ಇಟ್ಟುಕೊಂಡು ಬರೆಯಬಹುದೇ?”

ಬರೆದು ಮುಗಿಸಿದ ಮೇಲೆ ಎದುರಿಗೆ ಇಟ್ಟುಕೊಳ್ಳಿ. ಮೊದಲು ಹುಡುಕಬೇಕಾದದ್ದು ಒಂದು ನಿಜವಾದ ಕೊರತೆಯನ್ನು. ಬತ್ತಿದ ಬಾವಿ, ಮುಚ್ಚಿದ ಶಾಲೆ, ಮಾತು ಬಿಟ್ಟ ಅಣ್ಣತಮ್ಮಂದಿರು, ಯಾವುದಾದರೂ ಸರಿ. ಕೊರತೆ ಗಟ್ಟಿಯಾಗಿದ್ದರೆ ಕರೆ ತಾನಾಗಿ ಹುಟ್ಟುತ್ತದೆ. ಕಥೆ ಎಲ್ಲೋ ಕುಂಟುತ್ತಿದೆ ಅನಿಸಿದಾಗ ಹಂತಗಳ ಕಡೆ ನೋಡಿ. ನನಗೆ ಬರುವ ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಕಾಣೆಯಾಗಿರುವುದು ಮರಳಿಕೆ. ಹುಡುಗ ಗೆದ್ದ, ಕಥೆ ಮುಗಿಯಿತು. ಅವನಿಲ್ಲದಾಗ ಮನೆಯಲ್ಲಿ ಏನಾಗಿತ್ತು ಎಂದು ಯಾರೂ ಬರೆಯುವುದಿಲ್ಲ.

“ತರಗತಿಯಲ್ಲಿ ಈ ಚಿತ್ರದ ಬಗ್ಗೆ ಮಾತು ಎಲ್ಲಿಂದ ಶುರು ಮಾಡಲಿ?”

ಹಂತಗಳ ಹೆಸರು ಬರೆಯಿಸಬೇಡಿ. ಚಿತ್ರ 107 ನಿಮಿಷದ್ದು, ಅದನ್ನು ಪೂರ್ತಿ ತೋರಿಸಿ, ಮರುದಿನ ಮಾತನಾಡಿ. ಐದನೆಯ ತರಗತಿಯ ಮೇಲಿನವರಾದರೆ ಒಂದು ದೊಡ್ಡ ವೃತ್ತ ಬರೆಯಲು ಹೇಳಿ, ಮೇಲೆ ಮನೆ, ಕೆಳಗೆ ಕಡಲು. ಪ್ರತಿಯೊಂದು ಪಾತ್ರ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಎಂದು ಗುರುತು ಮಾಡಲಿ. ಮೊವಾನಾ ಒಬ್ಬಳದೇ ಅಲ್ಲ, ಮಾವಿಯದು, ಟೆ ಕಾಳದು, ಅಪ್ಪನದು ಕೂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿ: ಬೆಟ್ಟದ ಮೇಲಿನ ಆ ಕಲ್ಲುಗಳ ಬಳಿ ನೀವಾಗಿದ್ದರೆ ಏನು ಇಡುತ್ತಿದ್ದಿರಿ?

ಹಾವೇರಿಯ ಒಂದು ಶಾಲೆಯಲ್ಲಿ ಮಕ್ಕಳು ತೆಂಗಿನಕಾಯಿ, ದೋಣಿ, ಹುಂಜದ ಗರಿ ಎಂದೆಲ್ಲ ಬರೆದಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗಿ ತನ್ನ ವೃತ್ತದಲ್ಲಿ ದಿಬ್ಬದಿಂದಾಚೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಬೆಟ್ಟದವರೆಗೆ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದಳು: ಮುಳುಗಿ ಹೋದ ಅಪ್ಪನ ಗೆಳೆಯನಿಗೆ ಒಂದು ಕಲ್ಲು.